ಅಪ್ಪನ ಕೋವಿಗಳು ಯಾರ ಮನೆಗೆ ಹೋಗಬೇಕು?

ನಮ್ಮ ಜಗುಲಿಯ ಗೋಡೆಯಲ್ಲಿ ಮೂರು ಜೊತೆ ಬೀಟೆ ಮರದ ಗೂಟಗಳಿವೆ. ಮೇಲಿನದರಲ್ಲಿ ಅಜ್ಜನ ಕೇಪಿನ ಕೋವಿ, ನಡುವೆ ಜೋಡುನಳಿಗೆ, ಕೆಳಗೆ ಅಪ್ಪ ಕೊಂಡ ಒಂಟಿನಳಿಗೆ. ನಾನು ಚಿಕ್ಕವಳಿದ್ದಾಗಿಂದ ನೋಡಿದ್ದು ಇದೇ ಕ್ರಮ. ಆಯುಧ ಪೂಜೆಯ ದಿನ ಕತ್ತಿ, ಹಾರೆ, ಅಡಿಕೆ ಕೊಯ್ಯುವ ದೋಟಿಯ ಜೊತೆ ಈ ಮೂರಕ್ಕೂ ಗಂಧ, ಸೇವಂತಿಗೆ. ಈಗ ಗೂಟಗಳು ಖಾಲಿ. ಹೋದ ವರ್ಷ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಅವರ ಕೋವಿಗಳನ್ನು ಏನು ಮಾಡುವುದು ಅನ್ನುವ ಪ್ರಶ್ನೆ ನನ್ನ, ತಮ್ಮನ, ಅಮ್ಮನ ತಲೆಯಲ್ಲಿ ಹತ್ತು ತಿಂಗಳು ಕೂತಿತ್ತು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ ಅಂತ ನನಗೆ ಗೊತ್ತು. ಮಕ್ಕಳು ಬೆಂಗಳೂರಿನಲ್ಲಿ, ಲೈಸೆನ್ಸ್ ಎಪ್ಪತ್ತು ದಾಟಿದ ಹಿರಿಯರ ಹೆಸರಿನಲ್ಲಿ, ಕೋವಿ ಕಪಾಟಿನಲ್ಲಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮಿಂದಾದ ತಪ್ಪು. ಅಪ್ಪ ಹೋದ ಮೇಲೆ ಎರಡು ತಿಂಗಳು ಕೋವಿಗಳು ಮನೆಯಲ್ಲೇ ಇದ್ದವು. ತಿಥಿ, ಖಾತೆ ಬದಲಾವಣೆ, ಬ್ಯಾಂಕು ಅಂತ ಓಡಾಡುವಾಗ ಕೋವಿಯ ನೆನಪೇ ಆಗಲಿಲ್ಲ. ವಕೀಲಿ ಮಾಡುವ ಸಂಬಂಧಿಯೊಬ್ಬರು ಕೇಳಿದರು, "ಲೈಸೆನ್ಸ್ ಇದ್ದವರೇ ಇಲ್ಲ, ಈಗ ಅದು ಯಾರ ಸ್ವಾಧೀನದಲ್ಲಿದೆ?" ನನಗೆ ಎದೆ ಧಸಕ್ಕೆಂದಿತು. ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಆ ವ್ಯಕ್ತಿ ಹೋದರೆ ಉಳಿದವರ ಕೈಯಲ್ಲಿರುವ ಕೋವಿ ಅಕ್ರಮ. 1959ರ ಆಯುಧ ಕಾಯ್ದೆ ಪ್ರಕಾರ ತಡ ಮಾಡದೆ ಅದನ್ನು ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕು. ಇಟ್ಟಮೇಲೂ ಸುಮ್ನೆ ಕೂರುವ ಹಾಗಿಲ್ಲ. ನಿಗದಿ ಮಾಡಿದ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಮಾರಬೇಕು. ಎರಡೂ ಆಗದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲು. ಮಾರನೇ ದಿನವೇ ಠಾಣೆಗೆ ತಿಳಿಸಿ, ಬರೆದುಕೊಟ್ಟು, ಶಿವಮೊಗ್ಗದ ಡೀಲರೊಬ್ಬರಲ್ಲಿ ಎರಡು ಕೋವಿ ಇಟ್ಟು ರಸೀದಿ ತಂದೆವು.

ಎರಡು ಅಂದೆ. ಮೂರನೆಯದು ಅದಕ್ಕೂ ಮೊದಲೇ ಹೋಗಿತ್ತು. ಆ ನೋವು ನನಗೆ ಈಗಲೂ ಇದೆ.

2019ರವರೆಗೆ ಒಬ್ಬರ ಬಳಿ ಮೂರು ಕೋವಿ ಇರಬಹುದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮಸೂದೆ ಮಂಡಿಸಿದಾಗ ಒಂದೇ ಅಂತಿತ್ತು, ವಿರೋಧ ಬಂದು ಎರಡಾಯಿತು. ಹಿರಿಯರಿಂದ ಬಂದದ್ದಾದರೂ ಮಿತಿ ಅದೇ. ಹೆಚ್ಚಿದ್ದದ್ದನ್ನು 2020ರ ಡಿಸೆಂಬರ್ ಒಳಗೆ ಒಪ್ಪಿಸಬೇಕಿತ್ತು. ಅದು ಕೊರೋನಾ ವರ್ಷ. ಅಪ್ಪನಿಗೆ ಎಪ್ಪತ್ತೆಂಟು. ಯಾರನ್ನೂ ಕೇಳದೆ ಕೇಪಿನ ಕೋವಿಯನ್ನು ಕೊಟ್ಟುಬಂದರು. "ಅದಕ್ಕೆ ಬೆಲೆ ಇಲ್ಲ, ಅದನ್ನೇ ಕೊಟ್ಟೆ" ಅಂದರು. ಅಜ್ಜ ಉದ್ದನೆ ಕಡ್ಡಿಯಂಥ ಗಜದಿಂದ ಮದ್ದು, ಚರೆ ಜಡಿದು, ಕಿಡಿ ಹೊತ್ತಿಸುವ ಕೇಪು ಇಟ್ಟು, ಗದ್ದೆ ಕಾಯುವ ಮಾಳದಲ್ಲಿ ಇಡೀ ರಾತ್ರಿ ಕೂರುತ್ತಿದ್ದ ಕೋವಿ ಅದು. ನಮ್ಮಲ್ಲಿ ಅದರ ಒಂದು ಸರಿಯಾದ ಫೋಟೋ ಕೂಡ ಇಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡುವ ಬಗ್ಗೆ ಹೇಳುವಾಗ ಕಾಯ್ದೆ ಹೆಸರೆತ್ತಿ ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಇಂಥ ಕೋವಿಯನ್ನೇ. ಊರಿನಲ್ಲಿ ಯಾರಾದರೂ ರೈತರು ಸಂತೋಷದಿಂದ ತಗೊಳ್ಳುತ್ತಿದ್ದರು. ಅವಸರದಲ್ಲಿ ಅದು ಎಲ್ಲಿಗೆ ಹೋಯಿತೋ ನಮಗೆ ತಿಳಿಯಲೇ ಇಲ್ಲ.

ಹಾಗಾಗಿ ಉಳಿದ ಎರಡರ ವಿಷಯದಲ್ಲಿ ನಾನು ಹಟ ಹಿಡಿದೆ. ಬೆಲೆ ಆಮೇಲೆ. ಮೊದಲು ಯಾರು, ಯಾಕೆ, ಎಲ್ಲಿ ಇಡುತ್ತಾರೆ ಅನ್ನುವುದು ತೀರ್ಮಾನ ಆಗಲಿ ಅಂದೆ. ತಮ್ಮನಿಗೆ ಇದು ಅತಿ ಅನ್ನಿಸಿತು. "ಹಳೇ ಬೈಕ್ ಮಾರುವಾಗ ಇಷ್ಟೆಲ್ಲ ಕೇಳ್ತೀವಾ?" ಅಂದ. ಬೈಕಿಗೂ ಕೋವಿಗೂ ಹೋಲಿಕೆಯೇ ಇಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಕೊಟ್ಟವರಿಗೂ ಶಿಕ್ಷೆ ಇದೆ. ಶಿಕ್ಷೆಯ ಮಾತು ಹಾಗಿರಲಿ, ನಮ್ಮ ಮನೆಯ ಕೋವಿಯಿಂದ ಎಲ್ಲೋ ಯಾರಿಗೋ ಏನೋ ಆಯಿತು ಅಂತ ಕೇಳಿಕೊಂಡು ಅಮ್ಮ ಹೇಗೆ ಬದುಕಬೇಕು?

ತಮ್ಮನಿಗೆ ಜೋಡುನಳಿಗೆಯನ್ನು ತಾನೇ ಇಟ್ಟುಕೊಳ್ಳುವ ಆಸೆಯೂ ಇತ್ತು. ದಾರಿ ಇದೆ. ವಾರಸುದಾರರು ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ, ವೈದ್ಯಕೀಯ ಪ್ರಮಾಣಪತ್ರ, ತರಬೇತಿಯ ಪತ್ರ ಎಲ್ಲ ಕೊಟ್ಟು ಲೈಸೆನ್ಸ್ ಕೇಳಬಹುದು. ಸಾಯುವವರೆಗೆ ಕಾಯಬೇಕೆಂದೂ ಇಲ್ಲ. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಆ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಅಪ್ಪನಿಗೆ ಎರಡೂ ಅರ್ಹತೆ ಇತ್ತು. ಅವರೂ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ. ಅಪ್ಪನ ಸಾವಿನ ನಂತರದ ಮಾತನ್ನು ಅಪ್ಪನ ಎದುರಿಗೆ ಆಡುವುದು ಹೇಗೆ ಅನ್ನುವ ಸಂಕೋಚ. ಆಡಬೇಕಿತ್ತು. ಯಾವ ಕೋವಿ ಯಾರಿಗೆ ಅಂತ ಅವರೇ ಹೇಳಿದ್ದರೆ ನಮಗೆ ಎಷ್ಟು ಸಮಾಧಾನ ಇರುತ್ತಿತ್ತು!

ಆದರೆ ತಮ್ಮ ಇರುವುದು ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ. ಆರು ಮತ್ತು ಒಂಬತ್ತು ವರ್ಷದ ಮಕ್ಕಳು. ತಿಂಗಳಿಗೆ ಹತ್ತು ದಿನ ಊರಿನಲ್ಲಿ ಇರುವುದಿಲ್ಲ. ನೆನಪಿಗೆ ಅಂತ ಕೋವಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ನೆನಪಿಗೆ ಅಪ್ಪನ ಕನ್ನಡಕ ಇದೆ, ಡೈರಿಗಳಿವೆ. ಇದನ್ನು ಹೇಳಿದಾಗ ಅವನಿಗೆ ಬೇಸರವಾಯಿತು. ಒಂದು ವಾರ ಫೋನ್ ಮಾಡಲಿಲ್ಲ. ಕೊನೆಗೆ ಅವನ ಹೆಂಡತಿಯೇ "ಅಕ್ಕ ಹೇಳಿದ್ದು ಸರಿ" ಅಂದಳು.

ಒಂಟಿನಳಿಗೆ ಸುಲಭ ಅಂದುಕೊಂಡಿದ್ದೆ. ಸರ್ಕಾರಿ ಕಾರ್ಖಾನೆಯ 12 ಬೋರ್. ಗಟ್ಟಿಮುಟ್ಟು, ಅಲಂಕಾರ ಏನೂ ಇಲ್ಲ. ಡೀಲರ್ ಒಂಬತ್ತು ಸಾವಿರ ಅಂದರು. ಕೇಳಿ ಅಮ್ಮನಿಗೆ ಬೇಜಾರಾಯಿತು. ಕೋವಿಯಲ್ಲಿ ದೋಷ ಇರಲಿಲ್ಲ. ಕೊಳ್ಳುವವರೇ ಕಡಿಮೆ. ಇದ್ದವರೂ ಲೈಸೆನ್ಸ್ ಒಪ್ಪಿಸುತ್ತಿದ್ದಾರೆ ಅಂತ ಅವರು ಹೇಳಿದರು. ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಯಲ್ಲಿಡಬೇಕು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ, ಎರಡು ವರ್ಷ ಬೆನ್ನು ಬೆನ್ನಿಗೆ. ವಯಸ್ಸಾದವರು ಬಸ್ಸಿನಲ್ಲಿ ಕೋವಿ ಹೊತ್ತು ಹೋಗುವುದು, ಮುಗಿದ ಮೇಲೆ ಮತ್ತೆ ತರುವುದು. ಒಮ್ಮೆ ಅಪ್ಪನ ಕೋವಿ ವಾಪಸ್ ಬಂದಾಗ ನಳಿಗೆಯೊಳಗೆ ತುಕ್ಕು ಇತ್ತು. ಆ ರಾತ್ರಿ ಅವರು ಊಟ ಬಿಟ್ಟು ಎಣ್ಣೆ ಹಾಕಿ ಉಜ್ಜುತ್ತಾ ಕೂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕೋವಿ ಠಾಣೆಯಲ್ಲಿದ್ದ ಆ ದಿನಗಳಲ್ಲೇ ಹಂದಿಗಳು ಬಾಳೆ, ಎಳೆ ಅಡಿಕೆ ಸಸಿ ಬುಡಮೇಲು ಮಾಡಿದ್ದವು. ಯಾರ ಮೇಲೆ ಕೇಸಿದೆ, ಯಾರಿಂದ ತೊಂದರೆ ಆಗಬಹುದು ಅಂತ ಒಬ್ಬೊಬ್ಬರದನ್ನೂ ನೋಡಿ ತೀರ್ಮಾನಿಸಲಿ. ಒಂದು ಕೇಸೂ ಇಲ್ಲದ ರೈತರನ್ನೆಲ್ಲ ಸಾಲಾಗಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಜೋಡುನಳಿಗೆ. ಸ್ವಾತಂತ್ರ್ಯದ ನಂತರ ಊರಿಗೆ ಹೊರಟ ಇಂಗ್ಲಿಷ್ ಕಾಫಿ ಪ್ಲಾಂಟರೊಬ್ಬರಿಂದ ಮೂಡಿಗೆರೆ ಕಡೆ ಅಜ್ಜ ಕೊಂಡದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ವಿದೇಶಿ ಕೋವಿಗಳ ಆಮದು 1980ರ ದಶಕದಲ್ಲಿ ನಿಂತ ಮೇಲೆ ಇಂಥವಕ್ಕೆ ಬೆಲೆ ಏರಿದೆ. ಬೆಂಗಳೂರಿನ ಒಬ್ಬ ಸಂಗ್ರಹಕಾರರು ಫೋಟೋ ನೋಡಿಯೇ ಅರವತ್ತು ಸಾವಿರ ಅಂದರು. ನಾವೂ ಖುಷಿಯಾದೆವು.

ಆಮೇಲೆ ಡೀಲರ್ ಅದನ್ನು ಬಿಚ್ಚಿ, ನಳಿಗೆಗಳನ್ನು ಮಗುಚಿ, ಕೆಳಗಿನ ಚಪ್ಪಟೆ ಭಾಗವನ್ನು ನನಗೆ ತೋರಿಸಿದರು. ಅಲ್ಲಿ ಸಣ್ಣ ಸಣ್ಣ ಮುದ್ರೆಗಳು. ಇಂಗ್ಲೆಂಡಿನಲ್ಲಿ ಪ್ರತಿ ಕೋವಿಯನ್ನೂ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮುದ್ರೆ ಒತ್ತುತ್ತಾರಂತೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದ್ದರೆ ಕಿರೀಟದ ಕೆಳಗೆ 'ಎನ್‌ಪಿ' ಅಂತ ಇರುತ್ತದೆ. ನಮ್ಮದರಲ್ಲಿ ಅದಿರಲಿಲ್ಲ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಚಿತ್ತಾರ ಇದೆ. ನಾವೆಲ್ಲ ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ ಅದು. ಕಪ್ಪು ಮದ್ದಿನ ಕಾಲದ್ದು. ತೋಟಾ ಕೂರುವ ಕೋಣೆಯೂ ಎರಡೂವರೆ ಇಂಚು. ಅಂಗಡಿಯ ಎರಡೂಮುಕ್ಕಾಲು ಇಂಚಿನ ತೋಟಾ ಹಾಕಿ ಈಡು ಹೊಡೆದರೆ ಒತ್ತಡ ಹೆಚ್ಚಿ ನಳಿಗೆ ಸೀಳಬಹುದು. ಅಜ್ಜ, ಅಪ್ಪ ಇಬ್ಬರೂ ಅದರಲ್ಲಿ ಪೇಟೆಯ ತೋಟಾ ಹಾಕಿ ಹಾರಿಸಿದ್ದಾರೆ. ದೇವರು ದೊಡ್ಡವನು. ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಒಂದು ಲೋಟ ನೀರು ಕುಡಿದೆ.

ಇದು ಗೊತ್ತಾದ ಮೇಲೆ ಮುಚ್ಚಿಟ್ಟು ಮಾರುವ ಮಾತೇ ಇಲ್ಲ. ಸಂಗ್ರಹಕಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಒಳ್ಳೆಯವರು, "ನಾನು ಹಾರಿಸುವುದಿಲ್ಲ, ಆದರೂ ಬೇಕು" ಅಂದರು. ಆದರೆ ಅವರ ಲೈಸೆನ್ಸ್‌ನಲ್ಲಿ ಆಗಲೇ ಎರಡು ಕೋವಿ ಇತ್ತು. ಒಂದು ಮಾರುವವರೆಗೆ ಕಾಯಿರಿ ಅಂದರು. ನಮ್ಮ ಠೇವಣಿಯ ಅವಧಿ ಕಾಯುವುದಿಲ್ಲವಲ್ಲ. ಇನ್ನೊಬ್ಬ ದಲ್ಲಾಳಿ ಮನೆಗೇ ಬಂದ. ಒಂದು ಲಕ್ಷ ನಗದು, ಕಾಗದ ಆಮೇಲೆ ನೋಡಿಕೊಳ್ಳೋಣ ಅಂದ. ಅಮ್ಮ ಅವನಿಗೆ ಕಾಫಿ ಕೊಟ್ಟು, ಗೇಟಿನವರೆಗೆ ಬಂದು, ಇನ್ನು ಬರಬೇಡಪ್ಪಾ ಅಂತ ಕಳಿಸಿದರು.

ದಾರಿ ಸಿಕ್ಕಿದ್ದು ಕೊಡಗಿನಿಂದ. ಅಪ್ಪನ ಹಾಸ್ಟೆಲ್ ಗೆಳೆಯರ ಮಗ, ವಿರಾಜಪೇಟೆ ಕಡೆಯವರು, ತಿಥಿಗೆ ಬಂದಿದ್ದರು. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡಿತು. ಅಲ್ಲಿ ಕೋವಿಯ ಸ್ಥಾನವೇ ಬೇರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಅನ್ನುವ ಕೆಂಪು ಹಳದಿ ಹೂವನ್ನು ಕೋವಿಗೆ ಮುಡಿಸಿ ಪೂಜೆ ಮಾಡುತ್ತಾರೆ. ಹಾರಿಸಲು ಅಪ್ಪನ ಗೆಳೆಯರ ಈ ಮಗನ ಮನೆಯಲ್ಲಿ ಬೇರೆ ಕೋವಿ ಇದೆ. ಇದನ್ನು ಪೂಜೆಗಷ್ಟೇ ಇಡುತ್ತೇವೆ, ಎಂದೂ ತೋಟಾ ಹಾಕುವುದಿಲ್ಲ ಅಂದರು. ನಳಿಗೆಯ ವಿಷಯ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅವರ ವಿನಾಯಿತಿ ಪತ್ರ, ಮಿತಿ ಎಲ್ಲ ಅಲ್ಲಿನ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಂಡೆವು. ನಲವತ್ತು ಸಾವಿರಕ್ಕೆ ಒಪ್ಪಿದೆವು. ತಮ್ಮನೂ ಒಪ್ಪಿದ. ಹಬ್ಬಕ್ಕೆ ನಮ್ಮನ್ನೂ ಕರೆದಿದ್ದಾರೆ, ಅವನ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು ಅಂತಿದೆ.

ಒಂಟಿನಳಿಗೆಗೆ ಪಕ್ಕದ ತೋಟದ ಹುಡುಗ ಬಂದ. ಹುಡುಗ ಅಂದರೆ ಮೂವತ್ತೆಂಟು. ತರಬೇತಿ ಮುಗಿಸಿ, ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದು, ಹೊಸ ಕೋವಿಗೆ ದುಡ್ಡು ಹೊಂದಿಸುತ್ತಿದ್ದ. ಕುಡಿತ ಇಲ್ಲ, ಸಿಟ್ಟು ಕಡಿಮೆ, ಬೀಗ ಹಾಕುವ ಕಬ್ಬಿಣದ ಕಪಾಟು ಮಾಡಿಸಿದ್ದಾನೆ. ನಾನು ಹೋಗಿ ಕಣ್ಣಾರೆ ನೋಡಿದೆ. ಡೀಲರ್ ಹೇಳಿದ ಒಂಬತ್ತು ಸಾವಿರವನ್ನೇ ಹೇಳಿದೆವು, ಎರಡು ಕಂತಿನಲ್ಲಿ.

ಖಾಸಗಿಯಾಗಿ ಮಾರುವಾಗ ಸುಮಾರು ಜನ ಎಡವುವುದು ಇಲ್ಲಿ. ಯಾರಿಗೆ ಮಾರುತ್ತೇವೆ, ಅವರ ಹೆಸರು, ವಿಳಾಸ ಏನು ಅಂತ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು. ತಿಳಿಸಿ 45 ದಿನ ಆಗುವವರೆಗೆ ಕೋವಿ ಕೈ ಬದಲಾಗುವಂತಿಲ್ಲ. ಎರಡು ಕೋವಿಗೂ ಬರೆದುಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಅಲ್ಲಿಯವರೆಗೆ ಎರಡೂ ಡೀಲರ್ ಬಳಿಯೇ. ತಿಂಗಳ ಬಾಡಿಗೆ ಕಟ್ಟುತ್ತಿದ್ದೇವೆ. ದುಬಾರಿ ಅನ್ನಿಸಿಲ್ಲ.

ಇವತ್ತಿಗೆ ಮೂವತ್ತೊಂದನೇ ದಿನ. ನಿನ್ನೆ ಸಂಜೆ ಆ ಹುಡುಗ ಮನೆಗೆ ಬಂದಿದ್ದ. ಕೋವಿ ಉಜ್ಜುವ ಗಜ ಇದ್ದರೆ ಕೊಡಿ, ಮೊದಲೇ ಹೇಗೆ ಅಂತ ತಿಳಿದುಕೊಳ್ಳುತ್ತೇನೆ ಅಂದ. ಅಮ್ಮ ಒಳಗೆ ಹೋಗಿ ಗಜ ತಂದರು, ಎಣ್ಣೆ ಡಬ್ಬಿ ತಂದರು. ಮತ್ತೆ ಹೋಗಿ ಅಪ್ಪ ನಳಿಗೆ ಒರೆಸುತ್ತಿದ್ದ ಹಳೆ ಪಂಚೆಯ ತುಂಡುಗಳನ್ನೂ ತಂದರು. ಒಗೆದು, ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಎಷ್ಟು ಸಣ್ಣ ತುಂಡು ಹಿಡಿಯಬೇಕು, ಯಾವ ಕಡೆಯಿಂದ ಗಜ ತೂರಿಸಬೇಕು ಅಂತ ಜಗುಲಿಯಲ್ಲಿ ಕೂತು ಅವನಿಗೆ ತೋರಿಸಿಕೊಟ್ಟರು. ಅಮ್ಮನಿಗೆ ಅದೆಲ್ಲ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.