ಸೋಮವಾರದ ಕಾಲು, ಬುಧವಾರದ ಮಾಸ್ಟರ್

ಕರಾಟೆಯನ್ನು ಹವ್ಯಾಸವಾಗಿ ಕಲಿಯುವವರಿಗೆ ಒಂದು ಅನುಕೂಲವಿದೆ: ಎಷ್ಟು ಕೆಟ್ಟದಾಗಿ ಮಾಡಿದರೂ ಹೊಟ್ಟೆಪಾಡಿಗೆ ಧಕ್ಕೆಯಿಲ್ಲ. ಕಲಿಸುವವರಿಗೂ ಒಂದು ಅನುಕೂಲವಿದೆ: ತಪ್ಪು ಯಾವಾಗಲೂ ಎದುರಿಗೆ ನಿಂತವರದ್ದು. ಆದರೆ ಒಂದೇ ವಾರದಲ್ಲಿ, ಒಂದೇ ದೇಹವನ್ನು ನಂಬಿಕೊಂಡು ಈ ಎರಡೂ ಕೆಲಸಕ್ಕೆ ಇಳಿದವನ ಪಾಲಿಗೆ ಆ ಅನುಕೂಲಗಳು ಒಂದನ್ನೊಂದು ವಜಾ ಮಾಡಿಕೊಂಡು, ಕೊನೆಗೆ ಉಳಿಯುವುದು ತೊಡೆನೋವು ಮಾತ್ರ. ಸೋಮವಾರ ಮತ್ತು ಗುರುವಾರ ನಾನು ಗುರುಗಳ ಎದುರು ಸಾಲಿನಲ್ಲಿ ನಿಲ್ಲುವ ಶಿಷ್ಯ. ಬುಧವಾರ ಮತ್ತು ಶನಿವಾರ ಮಕ್ಕಳ ಸಾಲಿನ ಎದುರು ನಿಲ್ಲುವ ಮಾಸ್ಟರ್. ಈ ಇಬ್ಬರಿಗೂ ಪರಸ್ಪರ ಅಷ್ಟಾಗಿ ಹೊಂದಾಣಿಕೆಯಿಲ್ಲ.

ಸೋಮವಾರ ಸಾಮಾನ್ಯವಾಗಿ ಕಿಬಾ ದಾಚಿಯ ದಿನ. ಕುದುರೆಯ ಮೇಲೆ ಕುಳಿತವರ ಹಾಗೆ ಕಾಲುಗಳನ್ನು ಅಗಲಿಸಿ, ಮಂಡಿಗಳನ್ನು ಹೊರಕ್ಕೆ ಒತ್ತಿ, ಬೆನ್ನನ್ನು ನೆಟ್ಟಗಿಟ್ಟು ಕೆಳಗಿಳಿದು ನಿಲ್ಲುವ ಭಂಗಿ ಇದು. ಕುದುರೆಯೊಂದನ್ನು ಬಿಟ್ಟು ಉಳಿದ ಎಲ್ಲ ಕಷ್ಟವೂ ಇದರಲ್ಲಿದೆ. ಆ ಸ್ಥಿತಿಯಲ್ಲಿ ಗುರುಗಳು ಇಚಿ, ನಿ, ಸಾನ್ ಎಂದು ಜಪಾನಿ ಭಾಷೆಯಲ್ಲಿ ಎಣಿಸುತ್ತಾ ಹೋಗುತ್ತಾರೆ, ನಾವು ಒಂದೊಂದು ಎಣಿಕೆಗೂ ಒಂದೊಂದು ಗುದ್ದನ್ನು ಗಾಳಿಗೆ ಕೊಡುತ್ತಾ ಹೋಗುತ್ತೇವೆ. ಶಿಚಿ, ಅಂದರೆ ಏಳು, ಬಂದ ಕೂಡಲೇ ಅವರಿಗೆ ಏನೋ ನೆನಪಾಗುತ್ತದೆ. ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಗುದ್ದುವ ಕೈ ಮುಂದೆ ಹೋಗುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದರ ಮಹತ್ವವನ್ನು ಅವರು ಸಾವಧಾನವಾಗಿ ವಿವರಿಸಲು ತೊಡಗುತ್ತಾರೆ. ಕೆಳಗೆ ನಮ್ಮ ತೊಡೆಗಳು ನಡುಗುತ್ತಿರುವುದು ಅವರ ಕಣ್ಣಿಗೆ ಬಿದ್ದರೂ ವಿವರಣೆಯ ವೇಗ ಹೆಚ್ಚುವುದಿಲ್ಲ. ಇದನ್ನು ನಾನು ಬಹಳ ಕಾಲ ಗುರುಗಳ ಕ್ರೌರ್ಯವೆಂದೇ ಭಾವಿಸಿದ್ದೆ. ಸ್ವತಃ ಕಲಿಸಲು ನಿಂತ ಮೇಲಷ್ಟೇ ಗುಟ್ಟು ತಿಳಿಯಿತು: ಎಣಿಸುವಾಗ ಕಲಿಸುವವನೂ ಬಗ್ಗಿಯೇ ನಿಂತಿರಬೇಕು, ವಿವರಿಸುವಾಗ ಮಾತ್ರ ನೆಟ್ಟಗೆ ನಿಲ್ಲಬಹುದು. ಕರಾಟೆಯಲ್ಲಿ ತತ್ತ್ವಬೋಧನೆ ಅಷ್ಟು ಸಮೃದ್ಧವಾಗಿ ಬೆಳೆದಿರುವುದಕ್ಕೆ ಬೋಧಕರ ಮಂಡಿಗಳ ಕೊಡುಗೆ ಸಣ್ಣದಲ್ಲವೆಂದು ನನ್ನ ಗುಮಾನಿ.

ಮಂಗಳವಾರ ನೋವಿರುವುದಿಲ್ಲ, ಇದ್ದರೂ ಅಭಿಮಾನ ಪಡುವಷ್ಟು ಹಿತವಾಗಿರುತ್ತದೆ. ಅಭ್ಯಾಸವಿಲ್ಲದ ದುಡಿಮೆಯಿಂದ ಹುಟ್ಟುವ ಸ್ನಾಯುನೋವು ಸಾಮಾನ್ಯವಾಗಿ 24 ರಿಂದ 72 ಗಂಟೆಗಳ ನಡುವೆ ಶಿಖರಕ್ಕೇರುತ್ತದೆ ಎಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದೇ ಇದಕ್ಕೆ ಕಾರಣವೆಂಬ ಹಳೆಯ ನಂಬಿಕೆಯನ್ನು ಅವರು ಕೈಬಿಟ್ಟಿದ್ದಾರೆ. ಹಿಗ್ಗುತ್ತಲೇ ಭಾರ ತಡೆಯಬೇಕಾದ ಸ್ನಾಯುಗಳ ಎಳೆಗಳಲ್ಲಿ ಆಗುವ ಸೂಕ್ಷ್ಮ ಹಾನಿ ಮತ್ತು ಅದರ ದುರಸ್ತಿಯೇ ನೋವಿನ ಮೂಲವಂತೆ. ಹಾಗಾಗಿಯೇ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಯಾತನೆ. ಈ ಲೆಕ್ಕದಲ್ಲಿ ಸೋಮವಾರ ಸಂಜೆ ಶಿಷ್ಯ ಮಾಡಿದ ಸಾಲವನ್ನು ಬುಧವಾರ ಸಂಜೆ ಮಾಸ್ಟರ್ ತೀರಿಸಬೇಕು, ಅದೂ ಮಕ್ಕಳ ಸಮಕ್ಷಮದಲ್ಲಿ.

ಬುಧವಾರ ನಾನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಅಡ್ಡಡ್ಡಲಾಗಿ ಇಳಿಯುತ್ತಿದ್ದುದನ್ನು ಕಂಡ ಹುಡುಗನೊಬ್ಬ, ಕಣ್ಣರಳಿಸಿ, “ಮಾಸ್ಟರ್, ಫೈಟ್ ಮಾಡಿದ್ರಾ? ಎಷ್ಟು ಜನ ಇದ್ದರು?” ಎಂದು ಕೇಳಿದ. ನಿಜ ಹೇಳಿದರೆ ಕರಾಟೆಯ ಮೇಲಿನ ಅವನ ಶ್ರದ್ಧೆ ಕುಂದಬಹುದೆಂಬ ಕಾಳಜಿಯಿಂದ ನಾನು ಗಂಭೀರವಾಗಿ ತಲೆಯಾಡಿಸಿ, ಸಂಖ್ಯೆಯನ್ನು ಅವನ ಕಲ್ಪನೆಗೇ ಬಿಟ್ಟೆ. ಒಳಗೆ ಹೋದರೆ ಮೊದಲ ವಿಧಿಯೇ ಸೇಜಾ, ಅಂದರೆ ಹಿಮ್ಮಡಿಗಳ ಮೇಲೆ ಕುಳಿತು ನಮಸ್ಕರಿಸುವುದು. ಕೂರುವುದು ಸುಲಭ, ಏಕೆಂದರೆ ಒಂದು ಹಂತದ ನಂತರ ಅದು ಬೀಳುವುದೇ ಆಗಿರುತ್ತದೆ. ಆ ದಿನ ಮಕ್ಕಳ ಹಾಜರಿ, ಮುಂಬರುವ ಬೆಲ್ಟ್ ಪರೀಕ್ಷೆಯ ಸೂಚನೆ ಎಲ್ಲವನ್ನೂ ಕುಳಿತೇ ಮುಗಿಸಿದ್ದರಿಂದ ನರಗಳು ಒತ್ತಿಹೋಗಿ ಎರಡೂ ಪಾದಗಳು ನನ್ನ ಸಂಪರ್ಕ ಕಡಿದುಕೊಂಡಿದ್ದವು. ಸಂಪ್ರದಾಯದಂತೆ ಮಾಸ್ಟರ್ ಎದ್ದ ಮೇಲೆಯೇ ಮಕ್ಕಳು ಏಳಬೇಕು. ಮಕ್ಕಳು ಕಾದರು. ನಾನು ಕಣ್ಣು ಮುಚ್ಚಿದೆ. ಅವರೂ ಅದನ್ನು ಧ್ಯಾನವೆಂದು ತಿಳಿದು ಕಣ್ಣು ಮುಚ್ಚಿದರು. ಆ ತರಗತಿಯ ಇತಿಹಾಸದಲ್ಲೇ ಅಷ್ಟು ದೀರ್ಘವಾದ ಮೌನ ಇರಲಿಲ್ಲವೆಂದು ಹೊರಗೆ ಕಾಯುತ್ತಿದ್ದ ಪೋಷಕರೊಬ್ಬರು ಆಮೇಲೆ ಮೆಚ್ಚುಗೆಯಿಂದ ಹೇಳಿದರು.

ಕಟಾ ಎಂದರೆ ತಡೆ, ಗುದ್ದು, ತಿರುವುಗಳನ್ನು ನಿಗದಿತ ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸ; ಮಕ್ಕಳಿಗೆ ಕಲಿಸುವ ಮೊದಲ ಕಟಾ ಹೆಯಾನ್ ಶೋದಾನ್. ಜಪಾನಿನ ಒಕಿನಾವಾ ದ್ವೀಪದ ಇಟೊಸು ಅಂಕೊ ಎಂಬ ಗುರು 20ನೇ ಶತಮಾನದ ಆರಂಭದಲ್ಲಿ ಈ ಸರಣಿಯ ಐದು ಕಟಾಗಳನ್ನು ಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರು; ಅವರ ಶಿಷ್ಯ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಹೋದಾಗ ಈ ವಿದ್ಯೆಯೂ ಜೊತೆಗೆ ಹೋಯಿತು. ಶಾಲಾ ಮಕ್ಕಳ ಬಗ್ಗೆ ಅಷ್ಟೊಂದು ಯೋಚಿಸಿದ ಇಟೊಸು, ಅವರೆದುರು ನಿಂತು ತೋರಿಸಬೇಕಾದ ನಡುವಯಸ್ಸಿನವರ ಬಗ್ಗೆಯೂ ತುಸು ಯೋಚಿಸಬಹುದಿತ್ತು. ಶೋಟೊಕಾನ್ ಶೈಲಿಯಲ್ಲಿ ಈ ಕಟಾಕ್ಕೆ 21 ಎಣಿಕೆಗಳಿದ್ದು, ಒಂಬತ್ತನೆಯ ಮತ್ತು ಹದಿನೇಳನೆಯ ಎಣಿಕೆಯಲ್ಲಿ ಮಾತ್ರ ‘ಕಿಯಾಯ್’ ಎಂಬ ಕೂಗು ಹಾಕಬೇಕು. ನಮ್ಮ ಮಕ್ಕಳು ಹತ್ತೊಂಬತ್ತು ಕೂಗುಗಳನ್ನು ಉಚಿತವಾಗಿ ಸೇರಿಸಿಕೊಡುತ್ತಾರೆ. ದೊಡ್ಡವರ ತರಗತಿಯಲ್ಲಾದರೋ ಆ ಎರಡು ಕೂಗುಗಳೂ, ತಪ್ಪು ಸಭೆಗೆ ಬಂದವರು ಕ್ಷಮೆ ಕೇಳುವ ದನಿಯಲ್ಲಿ ಹೊರಬರುತ್ತವೆ.

ನಿಜವಾದ ತೊಡಕು ಇರುವುದು ಎಡಬಲಗಳಲ್ಲಿ. ಕಟಾ ಆರಂಭವಾಗುವುದು ಎಡಕ್ಕೆ ತಿರುಗಿ ಎಡಗೈಯಿಂದ ಕೆಳಗಿನ ಹೊಡೆತವನ್ನು ತಡೆಯುವುದರೊಂದಿಗೆ. ಮಕ್ಕಳಿಗೆ ಬೆನ್ನು ಹಾಕಿ ತೋರಿಸಿದರೆ ಅವರು ಸರಿಯಾಗಿ ಅನುಸರಿಸುತ್ತಾರೆ, ಆದರೆ ಬೆನ್ನ ಹಿಂದೆ ಪರಸ್ಪರರ ಬೆಲ್ಟ್ ಎಳೆಯುವ ಇನ್ನೊಂದು ಸಮರಕಲೆ ಶುರುವಾಗುತ್ತದೆ. ಎದುರಿಗೆ ನಿಂತು ನಾನು ಎಡಕ್ಕೆ ತಿರುಗಿದರೆ ಅವರು ಬಲಕ್ಕೆ ತಿರುಗುತ್ತಾರೆ. ಆದ್ದರಿಂದ ಎದುರಿಗೆ ನಿಂತು, ಇಡೀ ಕಟಾವನ್ನು ಕನ್ನಡಿಯೊಳಗಿನ ಪ್ರತಿಬಿಂಬದಂತೆ ತಿರುವುಮುರುವಾಗಿ ಮಾಡಿ ತೋರಿಸುವ ಉಪಾಯವನ್ನು ಬಹುತೇಕ ಎಲ್ಲ ಬೋಧಕರೂ ಹಿಡಿಯುತ್ತಾರೆ. ಮಕ್ಕಳು ಸುಂದರವಾಗಿ ಕಲಿತರು. ದುರದೃಷ್ಟವಶಾತ್ ನನ್ನ ಕಾಲುಗಳೂ ಕಲಿತವು. ಗುರುವಾರ ಗುರುಗಳು ‘ಹಾಜಿಮೆ’, ಅಂದರೆ ಆರಂಭಿಸಿ, ಎಂದಾಗ ಇಡೀ ಸಾಲು ಎಡಕ್ಕೆ ತಿರುಗಿತು, ನಾನು ಬಲಕ್ಕೆ ತಿರುಗಿದೆ. ಪಕ್ಕದಲ್ಲಿದ್ದ ಹಿರಿಯರೂ ನಾನೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ, ಇಬ್ಬರೂ ಬಾರದ ಹೊಡೆತವನ್ನು ತಡೆಯುತ್ತಾ ನಿಂತೆವು. ಅವರು ಸಜ್ಜನರು, ಬಗ್ಗಿ ನಮಸ್ಕರಿಸಿದರು. ನಾನೂ ನಮಸ್ಕರಿಸಲು ಬಗ್ಗಿದೆ, ಆ ಅಂತರದಲ್ಲಿ ಎರಡು ತಲೆಗಳಿಗೆ ಜಾಗವಿರಲಿಲ್ಲ.

ಗುರುಗಳು ಹೆಚ್ಚು ಮಾತನಾಡಲಿಲ್ಲ. ಹತ್ತಿರ ಬಂದು ನನ್ನ ಹಿಂಗಾಲಿನ ಹಿಮ್ಮಡಿಯನ್ನು ತಮ್ಮ ಪಾದದಿಂದ ಮೆಲ್ಲಗೆ ಒತ್ತಿ ನೆಲಕ್ಕೆ ತಾಗಿಸಿ, ಮುಂದಿನ ಮಂಡಿಯನ್ನು ಇನ್ನಷ್ಟು ಬಗ್ಗಿಸಿ, “ಮಕ್ಕಳಿಗೆ ಏನು ಹೇಳಿಕೊಡುತ್ತೀಯೋ ಅದನ್ನು ನೀನೂ ಸ್ವಲ್ಪ ಕೇಳಿಸಿಕೋ” ಎಂದಷ್ಟೇ ಹೇಳಿ ಮುಂದೆ ಹೋದರು. ಇದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದೊಡ್ಡವರ ಸಾಲಿನಲ್ಲಿದ್ದ ಬಿಳಿ ಬೆಲ್ಟಿನ ಒಬ್ಬರು ಆ ದಿನ ತಮ್ಮ ಮಗಳನ್ನು ಕರೆತಂದು ಗೋಡೆಯ ಪಕ್ಕ ಕೂರಿಸಿದ್ದರು, ಮತ್ತು ಆ ಮಗು ನನ್ನ ತರಗತಿಯ ಅತ್ಯಂತ ಏಕಾಗ್ರತೆಯ ವಿದ್ಯಾರ್ಥಿನಿ.

ಶನಿವಾರ ನಾನು ಬರುವಷ್ಟರಲ್ಲಿ ಸುದ್ದಿ ಎಲ್ಲರಿಗೂ ಹಂಚಿಕೆಯಾಗಿತ್ತು. ಮಾಸ್ಟರಿಗೂ ಒಬ್ಬ ಮಾಸ್ಟರ್ ಇದ್ದಾರೆ, ಮತ್ತು ಅವರು ಬೈಯುತ್ತಾರೆ ಎಂಬ ವಿಚಾರ ಮಕ್ಕಳಲ್ಲಿ ಯಾವ ಕಟಾವೂ ಮೂಡಿಸದ ಉತ್ಸಾಹವನ್ನು ಮೂಡಿಸಿತ್ತು. ನಾನು ಏನೂ ನಡೆದಿಲ್ಲವೆಂಬಂತೆ ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರ ಭಂಗಿಯನ್ನು ತಿದ್ದುತ್ತಾ ಅವಳ ಮುಂದೆ ಬಂದು, “ಹಿಮ್ಮಡಿ ನೆಲಕ್ಕೆ ತಾಗಲಿ, ಮಂಡಿ ಇನ್ನೂ ಬಗ್ಗಲಿ” ಎಂದೆ. ಅವಳು ಮಂಡಿ ಬಗ್ಗಿಸಿದಳು, ಹಿಮ್ಮಡಿ ಊರಿದಳು, ಆಮೇಲೆ ಅತ್ಯಂತ ವಿನಯದಿಂದ, “ನಿಮ್ಮ ಗುರುಗಳು ಗುರುವಾರ ನಿಮಗೆ ಹೇಳಿದ್ದೂ ಇದೇ ಅಲ್ವಾ ಮಾಸ್ಟರ್?” ಎಂದಳು. ಇಡೀ ಸಾಲು ನಕ್ಕಿತು. ಸಾಲಿನಲ್ಲಿ ನಕ್ಕವರಿಗೆ ಇಪ್ಪತ್ತು ಪುಷ್‌ಅಪ್ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಶಿಕ್ಷೆ. ಅದನ್ನು ಘೋಷಿಸಲು ಬಾಯಿ ತೆರೆದವನಿಗೆ, ಶಿಕ್ಷೆ ವಿಧಿಸಿದವನೂ ಜೊತೆಗೆ ಪುಷ್‌ಅಪ್ ಹಾಕಬೇಕೆಂಬ ಉದಾತ್ತ ನಿಯಮವನ್ನು, ತೊಡೆಗಳು ಗಟ್ಟಿಯಾಗಿದ್ದ ಯಾವುದೋ ಒಳ್ಳೆಯ ವಾರದಲ್ಲಿ, ನಾನೇ ಜಾರಿಗೆ ತಂದಿದ್ದುದು ನೆನಪಾಯಿತು. ನಾನು ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದರ ಮಹತ್ವವನ್ನು ವಿವರಿಸಲು ಆರಂಭಿಸಿದೆ.