ಮೇಂಟೇನರ್ ಎಂಬ ಸಾಲಿನಲ್ಲಿ ಯಾರ ಹೆಸರಿದೆ?

ಲಿನಕ್ಸಿನಂತೆಯೇ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯ ಪೋರ್ಟ್ಸ್ ಫೋಲ್ಡರ್, ಅಂದರೆ ಅದಕ್ಕೆ ಹೊಂದಿಸಿದ ತಂತ್ರಾಂಶಗಳ ಸಂಗ್ರಹ, ತೆರೆದು ನೋಡಿ. ಆಟ, ಡೇಟಾಬೇಸ್, ಗ್ರಾಫಿಕ್ಸ್ ಎಂದು ವಿಂಗಡಿಸಿಟ್ಟ 30,000ಕ್ಕೂ ಹೆಚ್ಚು ತಂತ್ರಾಂಶಗಳ ನಡುವೆ ‘ಜಪಾನೀಸ್’ ಎಂಬ ವಿಭಾಗ ಸಿಗುತ್ತದೆ. ಕೊರಿಯನ್, ರಷ್ಯನ್, ಹಂಗೇರಿಯನ್ ಭಾಷೆಗಳಿಗೂ ಇದೆ. ಭಾರತದ ಒಂದು ಭಾಷೆಗೂ ಇಲ್ಲ. ಹೀಗೆಂದ ಕೂಡಲೇ ‘ನೋಡಿ, ಇಲ್ಲೂ ಅನ್ಯಾಯ’ ಎಂದು ಕೆಂಡ ಕಾರುವವರು ನಮ್ಮಲ್ಲಿದ್ದಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಆ ವಿಭಾಗವನ್ನು ಜಪಾನಿಗರಿಗೆ ಯಾರೂ ದಾನವಾಗಿ ಕೊಡಲಿಲ್ಲ, ಅವರೇ ಕೂತು ತುಂಬಿಸಿದರು.

ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಯೂನಿಕೋಡ್ ನೆಲೆಯೂರುವ ಮುನ್ನ ಜಪಾನಿ ಬರಹಕ್ಕೆ ಜೆಐಎಸ್, ಶಿಫ್ಟ್ ಜೆಐಎಸ್, ಇಯುಸಿ ಎಂಬ ಮೂರು ಸಂಕೇತ ಪದ್ಧತಿಗಳಿದ್ದವು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಪರದೆಯ ತುಂಬ ಕಸ. ಅದಕ್ಕೆಂದೇ ಎನ್‌ಕೆಎಫ್ ಎಂಬ ಪುಟ್ಟ ಪರಿವರ್ತಕ ಬಂತು. ಟೈಪಿಂಗ್ ಇನ್ನೂ ಕಷ್ಟ. ಉಚ್ಚಾರದಂತೆ ‘ಕಿಶಾ’ ಎಂದು ಒತ್ತಿದರೆ ವರದಿಗಾರನೂ ಆಗಬಹುದು, ಉಗಿಬಂಡಿಯೂ ಆಗಬಹುದು, ‘ನಿಮ್ಮ ಕಂಪನಿ’ಯೂ ಆಗಬಹುದು. ಸಂದರ್ಭ ನೋಡಿ ಸರಿಯಾದ ಕಾಂಜಿ (ಚೀನೀ ಮೂಲದ ಅಕ್ಷರ) ಆರಿಸಲು ದೊಡ್ಡ ನಿಘಂಟು ಬೇಕು, ಅದನ್ನು ಹಿಡಿದು ಹಿನ್ನೆಲೆಯಲ್ಲಿ ಕಾಯುವ ಸರ್ವರ್ ತಂತ್ರಾಂಶ ಬೇಕು. ಹಾಗೆ ಕ್ಯೋಟೋ ವಿಶ್ವವಿದ್ಯಾಲಯದ ಬೆಂಬಲದಲ್ಲಿ ಡಬ್ಲ್ಯುಎನ್‌ಎನ್, ಎನ್‌ಇಸಿಯಿಂದ ಕನ್ನಾ, ಆಮೇಲೆ ಆಂಥಿ, 2010ರಲ್ಲಿ ಗೂಗಲ್ ಮುಕ್ತವಾಗಿಸಿದ ಮೊಜ್ಕ್, ಹೀಗೆ ಒಂದರ ಹಿಂದೆ ಒಂದು ಬಂದವು.

ಬರೆದವರಿಗೆ ಹೆಸರು ಬಂತು, ಬರಲಿ. ನನಗೆ ಹೆಚ್ಚು ಗೌರವ ಇರುವುದು ಇವುಗಳನ್ನು ಫ್ರೀಬಿಎಸ್‌ಡಿಗೆ ಹೊಂದಿಸುವ, ಅಂದರೆ ಪೋರ್ಟ್ ಮಾಡುವವರ ಮೇಲೆ. ಅವರ ಕೆಲಸ ನೀರಸ. ತಂತ್ರಾಂಶ ಕಟ್ಟುವ ಸೂಚನೆಗಳಿರುವ ಒಂದು ಮೇಕ್‌ಫೈಲ್, ಮೂಲ ಕಡತದ ಗಾತ್ರ ಮತ್ತು ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಇರುವ ಇನ್ನೊಂದು ಕಡತ, ಲಿನಕ್ಸನ್ನೇ ಜಗತ್ತೆಂದುಕೊಂಡು ಬರೆದ ಕೋಡಿಗೆ ಹಚ್ಚುವ ನಾಲ್ಕಾರು ಪ್ಯಾಚ್‌ಗಳು, ಅಂದರೆ ತೇಪೆಯ ತಿದ್ದುಪಡಿಗಳು. ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಬದಲಾದರೆ ಎಲ್ಲ ಮತ್ತೆ ಮೊದಲಿನಿಂದ. ಮೇಕ್‌ಫೈಲಿನಲ್ಲಿ ‘ಮೇಂಟೇನರ್’ ಎಂಬ ಸಾಲೊಂದಿದೆ. ಹೊಣೆ ಹೊತ್ತವರ ವಿಳಾಸ ಅಲ್ಲಿರುತ್ತದೆ. ಅವರು ಕೈಬಿಟ್ಟರೆ ಯೋಜನೆಯ ಸಾರ್ವಜನಿಕ ವಿಳಾಸ ಬಂದು ಕೂರುತ್ತದೆ, ಅಂದರೆ ಆ ಪೋರ್ಟ್ ಅನಾಥ. ಯಾವುದೇ ಭಾಷೆಯ ಸ್ಥಿತಿ ತಿಳಿಯಲು ನಾನು ಮೊದಲು ನೋಡುವುದು ಆ ಸಾಲನ್ನೇ.

ನೀರಸ ಎಂದೆ, ಸುಲಭ ಎನ್ನಲಿಲ್ಲ. ಜಪಾನಿ ಮುಕ್ತ ತಂತ್ರಾಂಶ ಬಳಕೆದಾರರು ಆಗ ನೆಚ್ಚಿಕೊಂಡಿದ್ದ ಕೋಚಿ ಎಂಬ ಫಾಂಟಿನ ಅಕ್ಷರಗಳ ಮೂಲ ವಾಣಿಜ್ಯ ಫಾಂಟೊಂದರ ನಕಲು ಎಂಬುದು 2003ರಲ್ಲಿ ಹೊರಬಿತ್ತು. ಮೂಲ ಹಾಗಿದ್ದ ಮೇಲೆ ಮುಕ್ತ ಪರವಾನಗಿಗೆ ಬೆಲೆ ಎಲ್ಲಿ? ‘ಯಾರು ಕೇಳುತ್ತಾರೆ, ನಡೆಯಲಿ ಬಿಡಿ’ ಎನ್ನಬಹುದಿತ್ತು. ಆ ಫಾಂಟ್ ಮಾಡಿದವರು ವಿತರಣೆ ನಿಲ್ಲಿಸಿದರು, ಕಳಂಕವಿಲ್ಲದ ಅಕ್ಷರಗಳಿಂದ ಸಾಜಾನಾಮಿ ಎಂಬ ಬದಲಿ ಫಾಂಟ್ ಕಟ್ಟಿದರು. ಸಾವಿರಾರು ಕಾಂಜಿಗಳ ಲೆಕ್ಕ ಅದು. ಯಾವುದೋ ಡಿಟಿಪಿ ಅಂಗಡಿಯಿಂದ ಪೆನ್‌ಡ್ರೈವಿನಲ್ಲಿ ತಂದ ಫಾಂಟನ್ನು ಊರಿಗೆಲ್ಲ ಹಂಚುವ ನಮಗೆ ಇದು ಅತಿ ಎನಿಸಬಹುದು. ನನಗೆ ಹೊಟ್ಟೆಕಿಚ್ಚು.

ಇನ್ನೊಂದು ಸಂಗತಿ. ಲಿನಕ್ಸಿನಲ್ಲಾಗಲಿ ಫ್ರೀಬಿಎಸ್‌ಡಿಯಲ್ಲಾಗಲಿ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಕನ್ನಡ ಟೈಪ್ ಮಾಡುವ ನಮ್ಮಲ್ಲಿ ಬಹುತೇಕರಿಗೆ ಆಸರೆ ಎಂ17ಎನ್ ಎಂಬ ಬಹುಭಾಷಾ ತಂತ್ರಾಂಶ ಲೈಬ್ರರಿ. ಅದನ್ನು ಕಟ್ಟಿದ್ದು ಜಪಾನಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಎಐಎಸ್‌ಟಿ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕಕ್ಕೆ ಬಹುಭಾಷೆ ಕಲಿಸಿದ ಹಾಂಡಾ ಕೆನ್‌ಇಚಿ ಅದರ ಹಿಂದಿದ್ದರು. ತಮ್ಮ ಭಾಷೆಗೆ ದಾರಿ ಮಾಡಿಕೊಳ್ಳಲು ಹೊರಟವರು ನಮಗೂ ಜಾಗ ಬಿಟ್ಟರು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಅದರ ಜೊತೆಗಿನ ದತ್ತಸಂಚಯದಲ್ಲಿ ಒಂದು ಕಡತವಾಗಿ ಕೂತಿದೆ. ತೆರೆದು ನೋಡಿ: ಯಾವ ಕೀಲಿಗೆ ಯಾವ ಅಕ್ಷರ ಎಂದು ಅಕ್ಕಪಕ್ಕ ಬರೆದ ಸಾದಾ ಪಠ್ಯ. ಅದರಲ್ಲಿ ಏನಾದರೂ ತಪ್ಪು ಕಂಡರೆ ತಿದ್ದಿ ಕಳುಹಿಸಲು ಪ್ರೋಗ್ರಾಮಿಂಗ್ ಕೂಡ ಬರಬೇಕಿಲ್ಲ.