ಇಂಗ್ಲಿಷಲ್ಲಿ ಮುಗಿಯುವ ಜಗಳ, ದಾವಣಗೆರೆಯಲ್ಲಿ ಮುಗಿಯದ್ದು

ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈಗ ನಾನು ಅಸಲಿ ಮ್ಯಾಂಚೆಸ್ಟರ್‌ನಲ್ಲೇ ಇದ್ದೇನೆ. ಬೆಣ್ಣೆ ದೋಸೆ ಒಂದಿಲ್ಲ, ಅಷ್ಟೇ.

ಇಲ್ಲಿ ಜಾಸ್ತಿ ಕಿವಿಗೆ ಬೀಳುವ ಮಾತು 'ಅಗ್ರೀ ಟು ಡಿಸಗ್ರೀ'. ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ, ನನ್ನದು ನಿನಗೆ ಒಪ್ಪಿಗೆಯಿಲ್ಲ, ಇಲ್ಲಿಗೇ ಬಿಡೋಣ ಅಂತ ಅರ್ಥ. ಒಳ್ಳೆ ಮಾತೇ. ಆದರೆ ಹಾಗೆ ಬಿಡೋಕೂ ಇಬ್ಬರೂ ಒಪ್ಪಬೇಕು, ಅಲ್ವಾ? ಹಿಂದೆ ನಾನಿದ್ದ ಆಫೀಸಿನ ಮ್ಯಾನೇಜರ್, ನಾನು ಎರಡನೇ ಕಾರಣ ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ, ನಗುತ್ತಾ ಈ ಮಾತು ಹೇಳಿ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದರು. ಕೆಲಸ ಮಾತ್ರ ಅವರು ಹೇಳಿದ ಹಾಗೇ ಆಗಬೇಕು! 'ಬಾಯಿ ಮುಚ್ಕೊಂಡು ಸುಮ್ನಿರು' ಅನ್ನೋದಕ್ಕೇ ಇಸ್ತ್ರಿ ಹಾಕಿದ ಹಾಗೆ.

ಈ ಮಾತು ಮೊದಲು ಹೀಗಿರಲಿಲ್ಲ. 1770ರಲ್ಲಿ ಜಾರ್ಜ್ ವಿಟ್‌ಫೀಲ್ಡ್ ಎಂಬ ಪಾದ್ರಿ ತೀರಿಕೊಂಡಾಗ, ಅವರ ಗೆಳೆಯ ಜಾನ್ ವೆಸ್ಲಿ ಮಾಡಿದ ಪ್ರವಚನದಲ್ಲಿ ಇದು ಬರುತ್ತದೆ. ಯಾರಿಗೆ ಮುಕ್ತಿ ಅಂತ ದೇವರು ಮೊದಲೇ ಹಣೆಯಲ್ಲಿ ಬರೆದಿದ್ದಾನಾ ಇಲ್ವಾ ಅನ್ನೋ ವಿಷಯದಲ್ಲಿ ಇಬ್ಬರಿಗೂ ಸುಮಾರು 30 ವರ್ಷ ಹೊಂದಿಬರಲಿಲ್ಲ. ಅಷ್ಟು ವರ್ಷ ಎಳೆದಾಡಿ, ಗೆಳೆಯ ಮಣ್ಣಾದ ಮೇಲೆ ಆಡಿದ ಮಾತನ್ನು ಈಗ ಇಲ್ಲಿಯವರು ಐದನೇ ನಿಮಿಷಕ್ಕೇ ಆಡುತ್ತಾರೆ.

ಎಳೆದಾಡೋದು ಅಂದರೆ ನಮ್ಮ ದೊಡ್ಡಪ್ಪ. ಅವರ ಗೆಳೆಯರೊಬ್ಬರ ಊರು ದುರ್ಗ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದಾಗಿನಿಂದ, ಹಾಗೆ ಮಾಡಿದ್ದು ಸರಿಯೋ ತಪ್ಪೋ ಅಂತ ಸಂಜೆ ಮಂಡಕ್ಕಿ ಅಂಗಡಿ ಬೆಂಚಿನ ಮೇಲೆ ಇಬ್ಬರದೂ ನಡೆದೇ ಇದೆ. ಹೊಸ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತಲ್ಲ, ಅವತ್ತು ದುರ್ಗದವರು ಕೂರುವ ಮೊದಲೇ ಶುರು ಮಾಡಿದರಂತೆ: "ನೋಡ್ದೇನಲೇ, ಬಂದಿದ್ದೂ ನಿಲ್ಲಲಿಲ್ಲ!" ದೊಡ್ಡಪ್ಪ ಮೆಣಸಿನಕಾಯಿಯ ತೊಟ್ಟು ಪೇಪರಿನಲ್ಲಿಟ್ಟು, "ಆತು ಬಿಡಲೇ, ನಿಂದೇ ಸರಿ" ಅಂದರಂತೆ. ನಮ್ಮ ಕಡೆ ಇದರ ಅರ್ಥ ನಿಂದು ತಪ್ಪು, ಆದರೆ ಚಹಾ ಆರ್ತಾ ಇದೆ ಅಂತ. ಮಾರನೇ ದಿನ ಅಲ್ಲಿಂದಲೇ ಮುಂದುವರಿಯುತ್ತದೆ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಈ ಇಂಗ್ಲಿಷ್ ಮಾತಿನ ಅರ್ಥ ಹೇಳಿದೆ. ಚಪ್ಪಲಿ ಮೆಟ್ಟುತ್ತಿದ್ದವರು ತಲೆ ಎತ್ತಿ ನೋಡಿದರು. "ಹಂಗಂದುಬಿಟ್ರೆ ನಾಳೆ ಅವನತ್ರ ಏನ್ ಮಾತಾಡ್ಲೋ?"